ಕೊಸುಮೆಲ್‌ನ ಕಪ್ಪು ಹವಳ

ಮೆಕ್ಸಿಕೋ ದೇಶಕ್ಕೆ ಸೇರಿದ, ಕೆರಿಬಿಯನ್ ಸಮುದ್ರದ ಕೊಸುಮೆಲ್ ದ್ವೀಪಕ್ಕೆ ವಿಹಾರ ನೌಕೆಗಳು ಬಂದು ಹಗಲೊಂದು ತಂಗಿ ಮುಂದೆ ಸಾಗುತ್ತವೆ. ಆ ಕೆಲವು ಗಂಟೆಗಳಲ್ಲಿ ಬಹುಪಾಲು ಪ್ರವಾಸಿಗಳಿಗೆ ಎರಡೇ ಕೆಲಸ: ಕೊಳ್ಳುವುದು, ತಿನ್ನುವುದು.

ಊಟದ ತೊಡಕನ್ನು ಶ್ರಾವಕನಾದವನು ಹೇಗೋ ಬಿಡಿಸಿಕೊಳ್ಳಬಲ್ಲನು. ಬೇಯಿಸಿ ಅರೆದ ಕಾಳಿಗೆ ಹಂದಿಯ ಕೊಬ್ಬು ಬೆರೆಸುವ ರೂಢಿ ಅಲ್ಲುಂಟು. ಬೆಣ್ಣೆಹಣ್ಣಿನ ಗೊಜ್ಜಿನಲ್ಲಿ ಈರುಳ್ಳಿ. ಕೇಳಿ ತಿಳಿದು, ಮೆಕ್ಕೆಜೋಳದ ರೊಟ್ಟಿ, ಮಾವು, ಪಪ್ಪಾಯಿಗಳಿಂದ ಹಸಿವು ತಣಿಸಿ ಸೂರ್ಯಾಸ್ತಕ್ಕೆ ಮುನ್ನ ಎದ್ದರಾಯಿತು. ಹಡಗಿನ ರಾತ್ರಿಭೋಜನ ತಪ್ಪಿದರೆ ನಷ್ಟವೇನು?

ಪರೀಕ್ಷೆ ಇರುವುದು ಅಂಗಡಿಯ ಬೀದಿಯಲ್ಲಿ. ಕಪ್ಪು ಹವಳದ ಆಭರಣಗಳಿಗೆ ಈ ದ್ವೀಪ ಹೆಸರುವಾಸಿ. ಆ ಒಡವೆಯ ಹಿಂದೆ ಹಿಂಸೆಯಿದೆಯೆಂದು ನೋಡಿದವರಿಗೆ ಅನ್ನಿಸದು. ಅದು ಚರ್ಮವಲ್ಲ, ದಂತವಲ್ಲ, ರೇಷ್ಮೆಯೂ ಅಲ್ಲ; ಹೊಳಪಿಟ್ಟ ಕಲ್ಲಿನಂತಿರುತ್ತದೆ. ಜೈನ ಗ್ರಂಥಗಳು ಪ್ರವಾಳವನ್ನು ಪೃಥ್ವೀಕಾಯಿಕ ಜೀವಗಳಲ್ಲಿ ಎಣಿಸಿವೆ. ಇಂದಿನ ಜೀವಶಾಸ್ತ್ರವು ಅದನ್ನು ಸೂಕ್ಷ್ಮ ಪ್ರಾಣಿಗಳ ಸಮೂಹವೆನ್ನುತ್ತದೆ. ಎಣಿಕೆ ಬೇರೆಯಾದರೂ ಜೀವವೆಂಬುದರಲ್ಲಿ ಭಿನ್ನಮತವಿಲ್ಲ. ಹವಾಯಿಯ ಕಡಲಾಳದಲ್ಲಿ ದೊರೆತ ಕಪ್ಪು ಹವಳವೊಂದರ ವಯಸ್ಸು 4,000 ವರ್ಷಗಳಿಗೂ ಮಿಗಿಲೆಂದು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಭಗವಾನ್ ಮಹಾವೀರರು ಧರ್ಮೋಪದೇಶ ಮಾಡುತ್ತಿದ್ದಾಗಲೂ ಅದು ಬೆಳೆಯುತ್ತಿತ್ತು!

ಕಪ್ಪು ಹವಳದ ಅಂತರರಾಷ್ಟ್ರೀಯ ವ್ಯಾಪಾರ 1981ರಿಂದ ಪರವಾನಗಿಗೆ ಒಳಪಟ್ಟಿದೆ. ವ್ಯಾಪಾರಿ ಕಾಗದ ತೋರಿಸಿಯಾನು. ಕೃತ, ಕಾರಿತ, ಅನುಮೋದನೆಗಳ ಮಾತು ಆ ಕಾಗದದಲ್ಲಿ ಇರುವುದಿಲ್ಲ. ತಾನು ಕೀಳಲಿಲ್ಲವೆಂಬ ಸಮಾಧಾನ ಕೊಳ್ಳುವವನಿಗೆ ಸಲ್ಲದು. ಕೊಳ್ಳುವವನಿರುವನೆಂದೇ ಮುಳುಗುಗಾರನು ಕಡಲಿಗಿಳಿಯುತ್ತಾನೆ.

ಮನೆಯವರಿಗೆ ಏನಾದರೂ ಒಯ್ಯಲೇಬೇಕೆಂದರೆ, ಯುಕಾಟಾನ್ ಸೀಮೆಯ ಹತ್ತಿನೂಲಿನ ತೂಗುಹಾಸಿಗೆಗಳೂ ಅಲ್ಲಿ ದೊರೆಯುತ್ತವೆ.