ಸಿಂಹಾಸನದ ಬೆಲೆ

ಯುದ್ಧಕ್ಕೆ ಹೊರಟ ಸರಕಾರವು ತನ್ನ ಕಾರಣವನ್ನು ಊರೆಲ್ಲ ಕೇಳುವಂತೆ ಡಂಗುರ ಹೊಡೆಸುತ್ತದೆ. ಅದರ ಉದ್ದೇಶವನ್ನು ತಿಳಿಯಬೇಕಾದರೆ ಮಾತ್ರ ಯುದ್ಧ ಮುಗಿದ ಮೇಲಿನ ಒಪ್ಪಂದವನ್ನು ಓದಬೇಕು. ನಮ್ಮ ಮೈಸೂರು ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿಯು ಟಿಪ್ಪುವಿನ ಮೇಲೆ ಹೊರಿಸಿದ ಅಪರಾಧ ಫ್ರೆಂಚರ ಸ್ನೇಹ. ಅದು ಸುಳ್ಳೇನೂ ಅಲ್ಲ. ಟಿಪ್ಪುವಿನ ದೂತರು ಮಾರಿಷಸ್ ದ್ವೀಪಕ್ಕೆ ಹೋಗಿದ್ದರು. ಅಲ್ಲಿಯ ಫ್ರೆಂಚ್ ಗವರ್ನರ್ ಮಾಲಾರ್ಟಿಕ್, ಸುಲ್ತಾನನಿಗೆ ಸ್ವಯಂಸೈನಿಕರು ಬೇಕೆಂದು ಬಹಿರಂಗವಾಗಿ ಸಾರಿಯೂ ಇದ್ದನು. ಆದರೆ ಮಂಗಳೂರಿನಲ್ಲಿ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಈಜಿಪ್ಟಿಗೆ ಬಂದಿದ್ದ ನೆಪೋಲಿಯನ್ನನ ನೌಕಾಬಲವನ್ನು ಅದೇ ವರ್ಷದ ಆಗಸ್ಟಿನಲ್ಲಿ ನೆಲ್ಸನ್ ನಾಶಮಾಡಿದನು. ಆ ವಾರ್ತೆ ಕಲ್ಕತ್ತೆಗೆ ತಲುಪಿದ ಮೇಲೂ ದಂಡಯಾತ್ರೆಯ ಸಿದ್ಧತೆ ನಿಲ್ಲಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು.

ಇನ್ನು ಒಪ್ಪಂದವನ್ನು ನೋಡೋಣ. ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಕರಾವಳಿಯ ಕನ್ನಡ ಜಿಲ್ಲೆಯೂ ಕೊಯಮತ್ತೂರೂ ಕಂಪನಿಗೆ ಸೇರಿದುವು. ನಿಜಾಮನಿಗೂ ಒಂದು ಪಾಲು ಸಂದಿತು. ಮೈಸೂರಿನ ರಕ್ಷಣೆಗೆ ಕಂಪನಿಯ ಸೈನ್ಯ; ಅದರ ವೆಚ್ಚಕ್ಕೆ ಮೈಸೂರು ವರ್ಷಂಪ್ರತಿ ತೆರಬೇಕಾದದ್ದು ಏಳು ಲಕ್ಷ ವರಹ. ವೆಲ್ಲೆಸ್ಲಿಗೆ ಮಾರ್ಕ್ವಿಸ್ ಪದವಿ ದೊರೆಯಿತು. ಫ್ರೆಂಚರ ಭಯಕ್ಕಾಗಿ ಕಡಲತೀರ ಬೇಕಾಯಿತೆನ್ನೋಣ. ಆದರೆ ಘಟ್ಟದ ಕೆಳಗಿನ ಕೊಯಮತ್ತೂರಿನಲ್ಲಿ ಯಾವ ಫ್ರೆಂಚ್ ಹಡಗು ಲಂಗರು ಹಾಕೀತು?

“ಹಾಗಾದರೆ ಒಡೆಯರಿಗೆ ರಾಜ್ಯ ಮರಳಿದ್ದೇ ತಪ್ಪೇ, ಸಾರ್?” ಎಂದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ. ಖಂಡಿತ ಅಲ್ಲ. ರಾಣಿ ಲಕ್ಷ್ಮಮ್ಮಣ್ಣಿಯವರು ದಶಕಗಳ ಕಾಲ ಹಂಬಲಿಸಿದ್ದ ದಿನ ಅದು. ನಮ್ಮ ಗುಂಡ್ಲುಪೇಟೆಗೆ ಸಮೀಪದ ಅರಿಕುಠಾರಕ್ಕೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿಯವರ ಪಿತೃಭಕ್ತಿಯೂ ನಿಜವೇ. ಆದರೆ ಕೊಟ್ಟವರು ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ದೇವಾಲಯವಾಗಿ ಐದೇ ವರ್ಷಕ್ಕೆ, 1831ರಲ್ಲಿ, ದುರಾಡಳಿತದ ನೆಪದಿಂದ ಆಡಳಿತವನ್ನು ಕಸಿದುಕೊಂಡರು. 1868ರಲ್ಲಿ ಮುಮ್ಮಡಿಯವರು ತೀರಿಕೊಳ್ಳುವವರೆಗೂ ಅದು ಅವರ ಕೈಗೆ ಮರಳಲಿಲ್ಲ. ಮೈಸೂರಿಗೆ ಮರಳಿದ್ದು 1881ರಲ್ಲಿ.

2003ರಲ್ಲಿ ಅಮೆರಿಕವು ಇರಾಕಿನ ಮೇಲೆ ದಂಡೆತ್ತಿ ಹೋದಾಗಲೂ ಮುಂದಿಟ್ಟದ್ದು ಭಯವನ್ನೇ. ಹೇಳಿದ ಮಾರಕಾಸ್ತ್ರಗಳ ದಾಸ್ತಾನು ಸಿಕ್ಕಲಿಲ್ಲ. ಪರದೇಶದ ಪ್ರಜೆಗಳ ಉದ್ಧಾರಕ್ಕೆಂದು ಸೈನ್ಯ ಹೊರಟ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡೇ: ಭಯದ ಕಾರಣ ತೀರಿದ ಮೇಲೂ ಸೈನ್ಯ ಮುಂದೆ ಸಾಗುತ್ತಿದೆಯೇ? ಉದ್ಧಾರದ ವೆಚ್ಚವನ್ನು ತೆರುವವರು ಯಾರು?