ನಾಪೋಕ್ಲಿನ ಹಿತ್ತಲ ಹಗ್ಗ

ಕೊಡಗಿಗೆ ಹೋಗಿ ಬಂದೆ ಅಂದರೆ ಸಾಕು, "ತಲಕಾವೇರಿ ನೋಡಿದಿರಾ? ರಾಜಾಸೀಟಿಗೆ ಹೋದಿರಾ? ಜೇನುತುಪ್ಪ ತಂದಿರಾ?" ಎಂದು ಅಕ್ಕಪಕ್ಕದವರು ಮುತ್ತಿಕೊಳ್ಳುತ್ತಾರೆ. ನಾನು ಕಣ್ತುಂಬ ನೋಡಿ ಬಂದದ್ದು ಬಟ್ಟೆ ಒಣಗಿಸುವ ಒಂದು ಹಗ್ಗ ಎಂದರೆ ನಗುತ್ತಾರೆ. ನೀವೂ ನಗಬಹುದು. ಆದರೆ ನಿಮ್ಮ ಮನೆಯಲ್ಲೂ ಆಟವಾಡುವ ಮಗನೋ ಮಗಳೋ ಇದ್ದರೆ, ನಕ್ಕಾದ ಮೇಲೆ ಮುಂದೆ ಓದಿ.

2024ರ ಏಪ್ರಿಲ್ ತಿಂಗಳು. ಹೈಸ್ಕೂಲಿನಲ್ಲಿ ಹಾಕಿ ಆಡುವ ನನ್ನ ಮಗನನ್ನು ಅವನ ಗೆಳೆಯ ತನ್ನ ದೊಡ್ಡಮ್ಮನ ಊರು ನಾಪೋಕ್ಲಿಗೆ ಕರೆದಿದ್ದ. ಜೊತೆಗೆ ನಾನೂ ಹೊರಟೆ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ. ಅಲ್ಲಿ ಬಸ್ಸು ಬದಲಿಸಿ ಮೂರ್ನಾಡಿನ ಮೇಲೆ ನಾಪೋಕ್ಲು. ದಾರಿಯ ಎರಡೂ ಕಡೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ತಿರುವುಗಳಲ್ಲಿ ಹೊಟ್ಟೆ ತೊಳಸಿದರೂ ಕಣ್ಣಿಗೆ ತಂಪು.

ಅಲ್ಲಿ ನಡೆಯುತ್ತಿದ್ದದ್ದು ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು. ಶಾಲೆ, ಕ್ಲಬ್ಬುಗಳ ತಂಡವಲ್ಲ. ಒಂದೊಂದು ಮನೆತನದ್ದೇ ಒಂದೊಂದು ತಂಡ. ಆ ವರ್ಷ ಕುಂಡ್ಯೋಳಂಡ ಮನೆತನದವರ ಉಸ್ತುವಾರಿ, ಸೇರಿದ್ದು 360 ತಂಡ! ಚಿಕ್ಕಪ್ಪನ ಪಕ್ಕದಲ್ಲಿ ಅಣ್ಣನ ಮಗ, ಅವನ ಪಕ್ಕದಲ್ಲಿ ಮನೆಯ ಹೆಣ್ಣುಮಗಳು ಸ್ಟಿಕ್ ಹಿಡಿದು ಓಡುವುದನ್ನು ನೋಡಬೇಕು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಈ ನೆಲದವರೇ ಎಂಬುದು ಸುಮ್ಮನೆ ಆದದ್ದಲ್ಲ ಅನ್ನಿಸಿತು.

ನನ್ನ ಮಗ ಮಾತ್ರ ಬೇಲಿಯಾಚೆ ಸಪ್ಪೆ ಮುಖ ಹಾಕಿ ನಿಂತಿದ್ದ. ಆಡಲು ಡಾಕ್ಟರ ಅಪ್ಪಣೆ ಇರಲಿಲ್ಲ.

ಅದರ ಕಥೆ ಹೇಳುತ್ತೇನೆ, ನನ್ನದೇ ತಪ್ಪು. ಆ ಜನವರಿಯಲ್ಲಿ ಅವನ ಕಾಲಿಗೆ ಶಿನ್‌ಪ್ಯಾಡ್ ಕಟ್ಟುವ ಜಾಗದಲ್ಲಿ ರೂಪಾಯಿ ಅಗಲದ ಕೆಂಪು ಉಂಗುರ ಎದ್ದಿತ್ತು. ಹುಳುಕಡ್ಡಿ. ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತಂದು ಹಚ್ಚಿದೆ. ಹತ್ತೇ ದಿನದಲ್ಲಿ ಮಾಯ! ನಾನು ಬೀಗಿದೆ. ತಿಂಗಳೊಳಗೆ ಅದು ತೊಡೆ, ಸೊಂಟಕ್ಕೆಲ್ಲ ಹರಡಿತು. ಅದೇ ಟವೆಲ್ಲಿನಲ್ಲಿ ಮೈ ಒರೆಸಿದ ಮಗಳ ತೋಳಿಗೂ ಬಂತು. ಚರ್ಮದ ಡಾಕ್ಟರು ಟ್ಯೂಬು ನೋಡಿ, "ಇದರಲ್ಲಿ ಸ್ಟಿರಾಯ್ಡ್ ಸೇರಿದೆಯಮ್ಮಾ. ತುರಿಕೆ, ಕೆಂಪು ಅಡಗುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತಲೇ ಇರುತ್ತದೆ" ಎಂದರು. ವಾರಗಟ್ಟಲೆ ಮಾತ್ರೆ, ಮುಲಾಮು. ವಾಸಿಯಾಯಿತು. ಮತ್ತೆ ಬಂತು! ಬಟ್ಟೆಯನ್ನು ದಿನಾ ಒಗೆಯುತ್ತೇನಲ್ಲ, ಇನ್ನೇನು ಮಾಡಲಿ ಎಂದು ಕಣ್ಣೀರು ಬಂದಿತ್ತು.

ಆಡುವಂತಿಲ್ಲದಿದ್ದರೂ ಹುಡುಗ ಕಿಟ್ ಚೀಲ ಬಿಟ್ಟು ಬರಲು ಒಪ್ಪಿರಲಿಲ್ಲ. ಆ ಮನೆಯ ಜಗುಲಿಯಲ್ಲಿ ಚೀಲ ಇಳಿಸುತ್ತಲೇ ಗೆಳೆಯನ ದೊಡ್ಡಮ್ಮ, "ಮಗಾ, ಮುಚ್ಚಿದ ಚೀಲ ಈ ಮನೆ ಒಳಗೆ ಬರಲ್ಲ" ಎಂದು ಜಿಪ್ ಎಳೆದರು. ಅಬ್ಬಾ, ಆ ವಾಸನೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ನಗುತ್ತಾ, "ನಾವು ದೋಸೆಹಿಟ್ಟು ಬೆಚ್ಚಗೆ ಮುಚ್ಚಿಡಲ್ವಾ? ಬೆವರಿನ ಸಾಮಾನು ಮುಚ್ಚಿಟ್ಟರೂ ಹಾಗೇ, ಬೆಳಗ್ಗೆಗೆ ಎಲ್ಲ ಹುಳಿ ಬಂದಿರುತ್ತೆ" ಎಂದು ಹಿತ್ತಲಿಗೆ ಕರೆದೊಯ್ದರು. ಅಲ್ಲೇ ಆ ಹಗ್ಗ. ಶಿನ್‌ಪ್ಯಾಡು, ಕೈಗವಸು, ಕಾಲುಚೀಲ, ಖಾಲಿ ಚೀಲಗಳೂ ಹೊಟ್ಟೆ ಹೊರಗೆ ಹಾಕಿಕೊಂಡು ಸಾಲಾಗಿ ನೇತಾಡುತ್ತಿದ್ದವು.

ಅಂಗಳದ ಮಣ್ಣು ಮೈಗೆ ಹತ್ತಿದರೆ ತೊಳೆದರೆ ಹೋಯಿತು. ಕಾಡುವುದು ಆರದ ಬೆವರು, ಮುಚ್ಚಿದ ಚೀಲ, ಒಬ್ಬರದು ಇನ್ನೊಬ್ಬರು ಹಾಕಿಕೊಳ್ಳುವುದು, ಈ ಮೂರೇ. ಹುಳುಕಡ್ಡಿಗಷ್ಟೇ ಅಲ್ಲ, ಪಟ್ಟಿ ತಿಕ್ಕಿ ತರಚಿದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ ಕೀವುಗುಳ್ಳೆ, ಕುರು ಏಳುವುದಕ್ಕೂ ಇವೇ ದಾರಿ.

ಆ ಅಕ್ಕನಿಂದ ಕಲಿತದ್ದನ್ನೂ, ಆಮೇಲೆ ಡಾಕ್ಟರು ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ, ಕತ್ತರಿಸಿಟ್ಟುಕೊಳ್ಳಿ.

ಆಡಿ ಬಂದ ಕೂಡಲೇ ಚೀಲ ಬರಿದು ಮಾಡಿಸಿ. ಮಕ್ಕಳು ಸೋಪು ಹಚ್ಚಿ ಸ್ನಾನ ಮಾಡಲಿ; ಬೆರಳ ಸಂದಿ, ತೊಡೆ ಸಂದಿ ಒಣಗುವಂತೆ ಒರೆಸಿಕೊಳ್ಳಲಿ. ಟವೆಲ್ ಒಬ್ಬೊಬ್ಬರಿಗೆ ಒಂದು. ಜೆರ್ಸಿ, ಕಾಲುಚೀಲ ಒಮ್ಮೆ ಹಾಕಿದ ಮೇಲೆ ಒಗೆಯದೆ ಮತ್ತೆ ಬೇಡ. ಶಿನ್‌ಪ್ಯಾಡ್, ಕೈಗವಸನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಪಟ್ಟಿಯ ಸಂದಿಯಲ್ಲೇ ಕೊಳೆ ಕೂತಿರುತ್ತದೆ. ಚೆನ್ನಾಗಿ ಜಾಲಿಸಿ, ಒಳಮೈ ಹೊರಗೆ ಮಾಡಿ ಗಾಳಿಬಿಸಿಲಿಗೆ ಹಾಕಿ. ತೊಳೆಯದೆ ಬರೀ ಬಿಸಿಲಿಗೆ ಒಡ್ಡಿದರೆ ಸಾಲದು. ಬೂಟಿನ ಒಳಪಟ್ಟಿ ತೆಗೆದು, ಹಳೇ ಪೇಪರು ತುರುಕಿ. ಪೇಪರು ಒದ್ದೆಯಾದರೆ ಬದಲಿಸಿ.

ಶಾಲೆಯ ಹೆಲ್ಮೆಟ್, ಗೋಲ್‌ಕೀಪರ್ ಪ್ಯಾಡ್ ಹಲವರ ಪಾಲಿನದು. ಒಬ್ಬರು ಬಿಚ್ಚಿದ ಮೇಲೆ ಒಳಭಾಗವನ್ನು ಸೋಪುನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ ಇನ್ನೊಬ್ಬರಿಗೆ ಕೊಡಲಿ ಎಂದು ಮೇಷ್ಟ್ರಿಗೆ ಸಂಕೋಚವಿಲ್ಲದೆ ಹೇಳಿ. ತರಚುಗಾಯವಿದ್ದರೆ ತೊಳೆದು, ಬ್ಯಾಂಡೇಜು ಮುಚ್ಚಿಯೇ ಆಡಲಿ. ಗಾಯ ಕೀವು ತುಂಬಿ ಬಿಸಿಯಾದರೆ, ಕೆಂಪು ಹರಡಿದರೆ, ಜ್ವರ ಬಂದರೆ ಹಿಂಡುವುದು, ಅರಿಸಿನ ಮೆತ್ತುವುದು ಬೇಡ, ಡಾಕ್ಟರ ಹತ್ತಿರ ನಡೆಯಿರಿ. ಅಂಗಡಿ ಟ್ಯೂಬಂತೂ ಬೇಡವೇ ಬೇಡ.

"ಮಳೆಗಾಲದಲ್ಲಿ ಏನು ಮಾಡ್ತೀರಿ ಅಕ್ಕ, ನಿಮ್ಮಲ್ಲಿ ಬಿಸಿಲೇ ಇರಲ್ವಲ್ಲ?" ಎಂದು ಕೇಳಿದೆ. "ಒಣಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಅಡಿಗೆಮನೇಲಿ ಒಲೆಯಿಂದ ದೂರ ಕಟ್ಟಿದ ಹಗ್ಗಕ್ಕೆ ಹಾಕ್ತೇವೆ. ಒಲೆ ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಒಣಗದಿದ್ದರೆ ಆವತ್ತು ಆಟ ಇಲ್ಲ, ಅಷ್ಟೇ" ಎಂದು ಕಡಂಬುಟ್ಟಿನ ತಟ್ಟೆ ಮುಂದಿಟ್ಟರು. ಬೆಲ್ಲದ ಕಾಫಿಯೂ ಬಂತು.

ಊರಿಗೆ ಬಂದು ಹಿತ್ತಲಿಗೆ ಎರಡನೇ ಹಗ್ಗ ಕಟ್ಟಿದೆ. ಮನೆಮಂದಿಯ ಟವೆಲ್, ಹೊದಿಕೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆದೆ. ಈ ಸಲ ಕಲೆ ಮಾಸಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಔಷಧಿ ನಿಲ್ಲಿಸಲಿಲ್ಲ. ಜುಲೈನಲ್ಲಿ ಮಗ ಮತ್ತೆ ಮೈದಾನಕ್ಕಿಳಿದ. ಆಮೇಲೆ ಆ ಉಂಗುರ ನಮ್ಮ ಮನೆಗೆ ತಿರುಗಿ ಬಂದಿಲ್ಲ.

ಪಕ್ಕದ ಮನೆಯವರು ಹಗ್ಗ ನೋಡಿ ಈಗಲೂ ನಗುತ್ತಾರೆ. ನಗಲಿ ಬಿಡಿ. ಇವತ್ತು ಸಂಜೆ ನಿಮ್ಮ ಮಕ್ಕಳ ಚೀಲದ ಜಿಪ್ ಒಮ್ಮೆ ಎಳೆದು ನೋಡ್ತೀರಲ್ಲ?