ಇವತ್ತು ಯಾವ ಹಾಡಪ್ಪ?

ಅಪ್ಪನಿಗೆ ಗಂಟಲ ಕ್ಯಾನ್ಸರ್ ಅಂತ ಗೊತ್ತಾದಾಗ ಡಾಕ್ಟರ್ ಬರೆದುಕೊಟ್ಟಿದ್ದು 33 ಸಿಟ್ಟಿಂಗ್ ರೇಡಿಯೇಷನ್. ಸೋಮವಾರದಿಂದ ಶುಕ್ರವಾರ, ಹೆಚ್ಚುಕಮ್ಮಿ ಏಳು ವಾರ. ಕಿರಣ ಬೀಳುವಾಗ ನೋವಾಗಲ್ಲ ಅಂತ ಮೊದಲೇ ಹೇಳಿದ್ದರು. ಅಪ್ಪ ಹೆದರಿದ್ದು ಮುಖವಾಡಕ್ಕೆ.

ಕುತ್ತಿಗೆ ಸ್ವಲ್ಪ ಅಲುಗಾಡಿದರೂ ಕಿರಣದ ಗುರಿ ತಪ್ಪುತ್ತೆ. ಅದಕ್ಕೇ ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಪ್ರತಿದಿನ ಅದನ್ನೇ ಹಾಕಿ ಟೇಬಲ್ಲಿಗೆ ಬಿಗಿಯುತ್ತಾರೆ. ಆಮೇಲೆ ಎಲ್ಲರೂ ಹೊರಗೆ. ಒಳಗೆ ಪೇಷೆಂಟ್ ಒಬ್ಬರೇ, ಜೊತೆಗೆ ಮೆಷಿನ್ ಸದ್ದು.

ಮೊದಲ ದಿನ ಅಪ್ಪ ಎರಡು ಸಲ ಕೈಯೆತ್ತಿ ನಿಲ್ಲಿಸಿದರು. ಟೆಕ್ನಿಷಿಯನ್ ಬೇಜಾರು ಮಾಡ್ಕೊಳ್ಳದೆ, "ಅಂಕಲ್, ನಿಮಗೆ ಯಾರ ಹಾಡು ಇಷ್ಟ?" ಅಂತ ಕೇಳಿದರು. ಅಪ್ಪ ಅಂದಿದ್ದು ಮೈಸೂರು ಅನಂತಸ್ವಾಮಿ. ಮಾರನೇ ದಿನದಿಂದ ಆ ರೂಮಿನ ಸ್ಪೀಕರಲ್ಲಿ ಭಾವಗೀತೆ.

"ನಿಮಿಷ ಎಣಿಸಕ್ಕಾಗಲ್ಲ ಕಣೋ, ಹಾಡು ಎಣಿಸಬಹುದು. ಮೂರನೇದು ಮುಗಿಯೋದ್ರೊಳಗೆ ಬಾಗಿಲು ತೆಗೀತಾರೆ" ಅಂದರು ಅಪ್ಪ. ಒಂದಿನ ಜೊತೆಗೆ ಗುನುಗಲು ಹೋಗಿ, ಮೈಕಿನಲ್ಲಿ "ಅಂಕಲ್, ಹಾಡಬೇಡಿ, ಕೇಳಿ ಸಾಕು" ಅಂತ ಹೇಳಿಸಿಕೊಂಡರು.

ಸಂಗೀತ ಗಡ್ಡೆ ಕರಗಿಸಲ್ಲ. ಸ್ಪೀಕರಲ್ಲಿ ಹಾಡು ಹಾಕಿದ ಮಾತ್ರಕ್ಕೆ ಅದು ಮ್ಯೂಸಿಕ್ ಥೆರಪಿಯೂ ಅಲ್ಲ, ಅದಕ್ಕೆ ತರಬೇತಿ ಪಡೆದ ಥೆರಪಿಸ್ಟ್ ಬೇಕು. ಆದರೆ ಎರಡೂ ಬಗೆಯ 81 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2021ರ ಕಾಕ್ರೇನ್ ವಿಮರ್ಶೆ, ಕ್ಯಾನ್ಸರ್ ಇರುವ ದೊಡ್ಡವರಲ್ಲಿ ಸಂಗೀತದಿಂದ ಆತಂಕ, ನೋವು, ಸುಸ್ತು ಕಡಿಮೆ ಆಗಬಹುದು ಎನ್ನುತ್ತದೆ.

ನನಗೆ ಕಂಡ ಕಾರಣ ಇನ್ನೂ ಸರಳ. ಏನು ತಿನ್ನಬೇಕು, ಎಷ್ಟೊತ್ತಿಗೆ ಬರಬೇಕು, ಹೇಗೆ ಮಲಗಬೇಕು, ಎಲ್ಲವನ್ನೂ ಬೇರೆಯವರೇ ಹೇಳುತ್ತಿದ್ದರು. ಹಾಡೊಂದೇ ಅಪ್ಪನ ಆಯ್ಕೆ. ನಾಲ್ಕನೇ ವಾರಕ್ಕೆ ಗಂಟಲು ಹುಣ್ಣಾಗಿ ಮಾತೇ ಹೊರಡದಿದ್ದಾಗಲೂ ಕಾರಲ್ಲಿ ಕೂತು ನನ್ನ ಫೋನಿನ ಪಟ್ಟಿಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದರು.

ನಿಮ್ಮ ಮನೆಯವರಿಗೂ ರೇಡಿಯೇಷನ್ ಶುರುವಾಗುವುದಿದ್ದರೆ, ರೂಮಿನಲ್ಲಿ ಹಾಡು ಹಾಕ್ತೀರಾ ಅಂತ ಒಮ್ಮೆ ಕೇಳಿ ನೋಡಿ. ಪಟ್ಟಿ ಮಾತ್ರ ಅವರೇ ಮಾಡಲಿ. ಅಪ್ಪ ತಮಗೆ ಎಲ್ಲಕ್ಕಿಂತ ಇಷ್ಟವಾದ ಹಾಡನ್ನು ಅದಕ್ಕೆ ಸೇರಿಸಲು ಬಿಡಲೇ ಇಲ್ಲ. "ಅದು ಮನೇಲಿ ಕೇಳೋಕಿರಲಿ. ಅದಕ್ಕೆ ಆಸ್ಪತ್ರೆ ವಾಸನೆ ಅಂಟೋದು ಬೇಡ" ಅಂದಿದ್ದರು.